ಹನ್ನೊಂದು ಖಾಲಿ ಸಾಲು, ಒಂದು ಕೆಂಪು ಪೆನ್ನು

ನಾನು ಇಂಗ್ಲೆಂಡಿಗೆ ಹೋಗಿ ಬಂದ ಮೇಲೆ ಕದ್ರಿಯ ನಮ್ಮ ಬೀದಿಯಲ್ಲಿ ಎದುರು ಸಿಕ್ಕವರೆಲ್ಲ ಅರಮನೆ ನೋಡಿದಿರಾ, ಆ ದೊಡ್ಡ ಗಡಿಯಾರ ನೋಡಿದಿರಾ ಎಂದು ಕೇಳುತ್ತಾರೆ. ಎರಡನ್ನೂ ನೋಡಲಿಲ್ಲ. ನಾನು ಅಲ್ಲಿ ಸರಿಯಾಗಿ ನೋಡಿದ್ದು ಒಂದು ಅಡುಗೆಮನೆ ಮತ್ತು ಅದರ ಗೋಡೆಯ ಮೇಲಿದ್ದ ಒಂದು ಕಾಗದ. ಹನ್ನೆರಡು ದಿನ ಇದ್ದೆ, ಅದರಲ್ಲಿ ಏಳು ದಿನ ಆ ಕಾಗದದ ಎದುರು ಕಳ್ಳಿಯ ಹಾಗೆ ಓಡಾಡಿದೆ. ಅಲ್ಲಿ ನಡೆದದ್ದು ನನಗೆ ಈಗಲೂ ಪೂರ್ತಿ ಅರ್ಥವಾಗಿಲ್ಲ. ಅರ್ಥವಾದಷ್ಟನ್ನು ಹೇಳುತ್ತೇನೆ.

ಹೊರಡುವ ಮೊದಲು

ನಾನು ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳು. ಲೀನಾ ಬಾಯಿ ಅದೇ ಶಾಲೆಯಲ್ಲಿ ಗಣಿತ ಕಲಿಸಿದವರು. ನನ್ನ ಮನೆಮಾತು ತುಳು, ಅವರದ್ದು ಕೊಂಕಣಿ. ನಮ್ಮ ಸ್ನೇಹ ಹುಟ್ಟಿದ್ದು ಸ್ಟಾಫ್ ರೂಮಿನಲ್ಲಾದ್ದರಿಂದ ಅದು ಸ್ಟಾಫ್ ರೂಮಿನ ಕನ್ನಡದಲ್ಲೇ ಉಳಿದುಬಿಟ್ಟಿತು. ಅವರ ಮಗಳು ಪ್ರೆಸಿಲ್ಲಾ ಇಂಗ್ಲೆಂಡಿನ ಒಂದು ಸಣ್ಣ ಕಡಲೂರಿನಲ್ಲಿ ನರ್ಸು. ಅಮ್ಮನನ್ನು ಕರೆದಳು. ಅಮ್ಮನಿಗೆ ಒಬ್ಬರೇ ವಿಮಾನ ಹತ್ತಲು ಹೆದರಿಕೆ. ಹಾಗಾಗಿ ನಾನು ಹೊರಟೆ. ನನಗೂ ಹೆದರಿಕೆಯೇ, ಆದರೆ ಇಬ್ಬರು ಹೆದರುವವರು ಒಟ್ಟಿಗೆ ಕೂತರೆ ಒಬ್ಬರಾದರೂ ಧೈರ್ಯದ ಮುಖ ಹಾಕಲೇಬೇಕಾಗುತ್ತದೆ.

ಪದಬಂಧದ ಸಂಗತಿ ಇಲ್ಲೇ ಹೇಳಿಬಿಡಬೇಕು. ನಮ್ಮ ಸ್ಟಾಫ್ ರೂಮಿಗೆ ಬರುತ್ತಿದ್ದ ಇಂಗ್ಲಿಷ್ ಪೇಪರಿನಲ್ಲಿ ದಿನವೂ ಕ್ರಿಪ್ಟಿಕ್ ಪದಬಂಧ ಇರುತ್ತಿತ್ತು. ಅದರ ಸುಳಿವು ಮೇಲುನೋಟಕ್ಕೆ ಒಂದು ಹೇಳುತ್ತದೆ, ಒಳಗೆ ಬೇರೆಯದೇ ಹೇಳುತ್ತದೆ. ಕನ್ನಡದಲ್ಲಿ ನಾನೇ ಕಟ್ಟಿದ ಉದಾಹರಣೆ ಕೊಡುತ್ತೇನೆ. ‘ಹೊಸದು ತಿರುಗಿ ನಿಂತರೆ ಕಾಡು.’ ಹೊಸದು ಎಂದರೆ ನವ. ತಿರುಗಿಸಿದರೆ ವನ. ವನ ಎಂದರೆ ಕಾಡು. ಇನ್ನೊಂದು: ‘ತಲೆ ಹೋದ ಜಮೀನು ಬಂದರಿನಲ್ಲಿ ಮಾರಾಟಕ್ಕಿದೆ.’ ಓದಿದವರು ಭೂವ್ಯವಹಾರ ಎಂದುಕೊಳ್ಳುತ್ತಾರೆ. ಆದರೆ ಜಮೀನಿನ ಮೊದಲಕ್ಷರ ತೆಗೆದರೆ ಮೀನು. ಉತ್ತರ ಸಿಕ್ಕಿದ ಮೇಲೆ ಅದು ಯಾಕೆ ಉತ್ತರ ಎಂದು ಬಿಡಿಸಿ ಹೇಳುವುದು ಅರ್ಧ ಆಟ.

ಆ ಅರ್ಧವನ್ನು ನಾವು ಅಷ್ಟಾಗಿ ಆಡುತ್ತಿರಲಿಲ್ಲ. ಪೇಪರು ಮೇಜಿನ ಮೇಲೆ ಟಿಫಿನ್ ಡಬ್ಬಗಳ ನಡುವೆ ಹರಡಿರುತ್ತಿತ್ತು. ಯಾರಿಗೆ ಏನು ಹೊಳೆಯಿತೋ ಅವರು ಬರೆಯುವುದು. ಬೆಲ್ ಹೊಡೆದರೆ ನಿಂತುಕೊಂಡೇ ಬರೆಯುವುದು. ಅಕ್ಷರ ಕೂತರೆ ಸಾಕು, ಯಾಕೆ ಕೂತಿತು ಎಂದು ನಾಳೆ ನೋಡಿದರಾಯಿತು. ನಮ್ಮ ಮನೆಯವರು ದೇವಸ್ಥಾನದ ಪೂಜೆಯವರು. ಊಟದ ಪಂಕ್ತಿಯಲ್ಲಿ ಯಾರದ್ದಾದರೂ ಎಲೆ ಖಾಲಿ ಕಂಡರೆ ಬಡಿಸುವವರ ಕೈ ಕೇಳಿಕೊಂಡು ನಿಲ್ಲುವುದಿಲ್ಲ. ಖಾಲಿ ಚೌಕ ಕಂಡರೆ ನನ್ನದೂ ಅದೇ ಕೈ.

ಗುರುವಾರ: ಉಲ್ಟಾ ಸಮುದ್ರ

ಮೊದಲ ಗೊಂದಲ ಸೂರ್ಯನದು. ಪಣಂಬೂರಿನಲ್ಲಿ ಅವನು ಸಮುದ್ರಕ್ಕೆ ಇಳಿಯುವುದನ್ನೇ ನೋಡಿ ಬೆಳೆದವಳು ನಾನು. ಇಲ್ಲಿ ಸಂಜೆ ಸಮುದ್ರದ ಬದಿ ಹೋಗಿ ಕಾದು ನಿಂತರೆ ಸೂರ್ಯ ನಮ್ಮ ಬೆನ್ನ ಹಿಂದೆ, ಒಂದು ಬೇಕರಿಯ ಮೇಲೆ ಮುಳುಗುತ್ತಿದ್ದ.

"ಇದೆಂತದು ಮಾರಾಯ್ತಿ, ಸಮುದ್ರ ಉಲ್ಟಾ ಉಂಟಲ್ಲ!" ಎಂದರು ಲೀನಾ ಬಾಯಿ.

"ಸಮುದ್ರ ಸರಿ ಉಂಟು, ನಾವು ಪೂರ್ವದ ಬದಿಯಲ್ಲಿದ್ದೇವೆ," ಎಂದೆ. ಗೊತ್ತಿದ್ದೂ ನನಗೆ ಸಮಾಧಾನವಾಗಲಿಲ್ಲ. ಹನ್ನೆರಡು ದಿನವೂ ಎಡಬಲ ತಪ್ಪುತ್ತಲೇ ಇತ್ತು.

ಪ್ರೆಸಿಲ್ಲಾಳ ಮನೆ ಚಿಕ್ಕದು. ನಮ್ಮಿಬ್ಬರಿಗೆ ಅವಳು ಹತ್ತಿರದಲ್ಲೇ ಒಂದು ಮನೆಯ ಮಹಡಿ ಕೋಣೆ ಗೊತ್ತು ಮಾಡಿದ್ದಳು. ಮನೆಯೊಡತಿ ಮಿಸ್ ಡೊರೊತಿ, ಎಪ್ಪತ್ತು ದಾಟಿದ ಉದ್ದನೆಯ ತೆಳ್ಳಗಿನ ಹೆಂಗಸು, ಒಬ್ಬರೇ ಇರುವವರು. ನಾನು ಮೀನು ಮಾಂಸ ತಿನ್ನುವುದಿಲ್ಲ ಎಂದು ಕೇಳಿ ಅವರು ಬಹಳ ಯೋಚಿಸಿ ಬೇಯಿಸಿದ ಆಲೂಗಡ್ಡೆ ಕೊಟ್ಟರು. ಮರುದಿನ ಇನ್ನೂ ಯೋಚಿಸಿ ಸುಟ್ಟ ಆಲೂಗಡ್ಡೆ ಕೊಟ್ಟರು.

ಅವರ ಅಡುಗೆಮನೆಯ ಗೋಡೆಯಲ್ಲಿ ಒಂದು ಬೋರ್ಡು. ಬೋರ್ಡಿನ ಮೇಲೆ ಎರಡು ಕಾಗದ. ಒಂದರಲ್ಲಿ ಕೈಯಲ್ಲಿ ಗೆರೆ ಎಳೆದ ಪದಬಂಧದ ಚೌಕಗಳು, ಇನ್ನೊಂದರಲ್ಲಿ ವಾಲಿದ ನೀಲಿ ಅಕ್ಷರಗಳಲ್ಲಿ ಸುಳಿವುಗಳು. ಅರ್ಧಕ್ಕಿಂತ ಹೆಚ್ಚು ಪೆನ್ಸಿಲಿನಲ್ಲಿ ತುಂಬಿತ್ತು. ನನಗೆ ಊರಿನವರೇ ಸಿಕ್ಕಿದಷ್ಟು ಖುಷಿಯಾಯಿತು.

"ನೀವೂ ಬಿಡಿಸುತ್ತೀರಾ?" ಎಂದು ಕೇಳಿದೆ.

"ನನ್ನ ಅಕ್ಕ ಮಾಡಿದ್ದು," ಎಂದರು ಅವರು. ಅಷ್ಟೇ. ಆಮೇಲೆ ಸಕ್ಕರೆ ಎಷ್ಟು ಚಮಚ ಎಂದು ಕೇಳಿದರು. ಅಕ್ಕ ಬೇರೆ ಊರಿನಲ್ಲಿದ್ದಾರೆ, ತಂಗಿಗೆ ಪದಬಂಧ ಮಾಡಿ ಕಳಿಸುತ್ತಾರೆ ಎಂದು ನಾನೇ ತೀರ್ಮಾನ ಮಾಡಿಕೊಂಡೆ.

ಶನಿವಾರ: ಬಸ್ಸು

ಮಂಗಳೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರನ ಸೀಟಿಯಿಂದ ಹಿಡಿದು ಪಕ್ಕದವರ ಮಗಳ ಮದುವೆಯ ಮಾತುಕತೆಯವರೆಗೆ ಎಲ್ಲವೂ ಎಲ್ಲರಿಗೂ ಸೇರಿದ್ದು. ಇಲ್ಲಿನ ಬಸ್ಸಿನಲ್ಲಿ ಹದಿನೈದು ಜನ ಇದ್ದರೂ ಪರೀಕ್ಷಾ ಕೊಠಡಿಯ ಮೌನ. ನನ್ನ ಪಕ್ಕದಲ್ಲಿ ಟೋಪಿ ಹಾಕಿದ ಒಬ್ಬ ಅಜ್ಜ ಪೇಪರು ಮಡಚಿ ಮೊಣಕಾಲ ಮೇಲಿಟ್ಟುಕೊಂಡು ಪದಬಂಧ ನೋಡುತ್ತಿದ್ದರು. ಒಂದೇ ಸುಳಿವನ್ನು ನಾಲ್ಕು ಸ್ಟಾಪಿನಿಂದ ನೋಡುತ್ತಿದ್ದರು. ಐದನೆಯ ಸ್ಟಾಪಿಗೆ ನನಗೆ ತಡೆಯಲಾಗಲಿಲ್ಲ. ಬಗ್ಗಿ ಉತ್ತರ ಹೇಳಿದೆ.

ಅವರು ನನ್ನನ್ನು ನೋಡಿದರು. "ಎಷ್ಟು ದಯಾಳು ನೀವು," ಎಂದರು. ಪೇಪರು ಮಡಚಿ ಕಿಸೆಗೆ ಹಾಕಿಕೊಂಡು ಮುಂದಿನ ಸ್ಟಾಪಿನಲ್ಲಿ ಇಳಿದರು.

"ಪಾಪ, ಅವರ ಸ್ಟಾಪ್ ಬಂತು," ಎಂದರು ಲೀನಾ ಬಾಯಿ.

ಬಸ್ಸು ಹೊರಟಾಗ ಕಿಟಕಿಯಿಂದ ನೋಡಿದೆ. ಅಜ್ಜ ಅದೇ ಸ್ಟಾಪಿನ ಬೆಂಚಿನಲ್ಲಿ ಕೂತು ಮುಂದಿನ ಬಸ್ಸಿಗೆ ಕಾಯುತ್ತಿದ್ದರು. ದಯಾಳು ಎಂದವರು ಯಾಕೆ ಇಳಿದರೆಂದು ನನಗೆ ಆಗ ಹೊಳೆಯಲಿಲ್ಲ. ಹೊಳೆದಿದ್ದರೆ ಮರುದಿನದ ಅನಾಹುತ ತಪ್ಪುತ್ತಿತ್ತು.

ಭಾನುವಾರ: ಅಡುಗೆಮನೆ

ಭಾನುವಾರ ಬೆಳಿಗ್ಗೆ ಮಿಸ್ ಡೊರೊತಿ ಚರ್ಚಿಗೆ ಹೊರಟರು. ಲೀನಾ ಬಾಯಿಯೂ ಜೊತೆಗೆ ಹೊರಟರು. ಅದು ಅವರ ಕೆಥೊಲಿಕ್ ಚರ್ಚು ಅಲ್ಲ. "ನಮ್ಮದು ದೂರ ಉಂಟಂತೆ. ದೇವರು ಅವನೇ ಅಲ್ವಾ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ತಾನೆ," ಎಂದು ಸೀರೆಯ ಮೇಲೆ ಸ್ವೆಟರ್ ಏರಿಸಿದರು.

ಮನೆಯಲ್ಲಿ ನಾನೊಬ್ಬಳೇ. ಪಾತ್ರೆ ತೊಳೆದೆ. ಮೇಜು ಒರೆಸಿದೆ. ಅತಿಥಿಯಾಗಿ ಸುಮ್ಮನೆ ಕೂತು ತಿನ್ನುವುದು ನಮಗೆ ಬರುವುದಿಲ್ಲ, ಏನಾದರೂ ಕೈಸಹಾಯ ಮಾಡಬೇಕು. ಇನ್ನೇನು ಕೆಲಸ ಉಳಿದಿದೆ ಎಂದು ನೋಡುವಾಗ ಬೋರ್ಡು ಕಂಡಿತು. ಎಣಿಸಿದೆ. ಹನ್ನೊಂದು ಉತ್ತರ ಖಾಲಿ. ಮೂರು ದಿನದಿಂದ ಒಂದೂ ತುಂಬಿರಲಿಲ್ಲ. ಅಯ್ಯೋ, ಇವರಿಗೆ ಬರುವುದಿಲ್ಲ, ಕೇಳಲು ನಾಚಿಕೆ ಎಂದುಕೊಂಡೆ.

ಬ್ಯಾಗಿನಿಂದ ಪೆನ್ನು ತೆಗೆದೆ. ಟೀಚರ ಬ್ಯಾಗಿನಲ್ಲಿ ಇರುವುದು ಕೆಂಪು ಪೆನ್ನೇ. ಆ ಸುಳಿವುಗಳನ್ನು ಬರೆದ ಅಕ್ಕ ಮಹಾ ಕುಚೇಷ್ಟೆಯವಳು. ಒಂದು ಕಡೆ ಕೈಹಿಡಿದು ಕರೆದುಕೊಂಡು ಹೋಗಿ, ಬಾಗಿಲು ತೆರೆದು, ಗೋಡೆ ತೋರಿಸುತ್ತಿದ್ದಳು. ನಾನು ಒಬ್ಬಳೇ ನಕ್ಕೆ, ಬೈದೆ, ಮತ್ತೆ ನಕ್ಕೆ. ಒಂದೂವರೆ ಗಂಟೆಯಲ್ಲಿ ಹನ್ನೊಂದೂ ತುಂಬಿದವು. ಎಲ್ಲ ತುಂಬಿದ ಮೇಲೆ ಅಭ್ಯಾಸಬಲ, ಕೈ ತಡೆಯಲಿಲ್ಲ, ಕೆಳಗೆ ‘ಗುಡ್’ ಎಂದು ಬರೆದು ಸಹಿ ಹಾಕಿದೆ.

ಬಾಗಿಲ ಸದ್ದಾಯಿತು. ಲೀನಾ ಬಾಯಿ ಓಡಿಕೊಂಡೇ ಒಳಗೆ ಬಂದರು, ದನಿ ತಗ್ಗಿಸಿ ಹೇಳಿದರು: "ಸುಮಿತ್ರಾ ಟೀಚರ್, ಒಂದು ವಿಷಯ ಗೊತ್ತುಂಟಾ? ಆ ಗೋಡೆಯದ್ದು ಮುಟ್ಟಬೇಡಿ ಆಯ್ತಾ. ಚರ್ಚಿನಲ್ಲಿ ಟೀ ಕುಡಿಯುವಾಗ ಒಬ್ಬರು ಹೇಳಿದರು. ಅವರ ಅಕ್ಕ ಮಾರ್ಗರೆಟ್ ಅಂತೆ, ಹೋದ ಚಳಿಗಾಲದಲ್ಲಿ ತೀರಿಹೋದದ್ದು. ಆಸ್ಪತ್ರೆಯ ಮಂಚದಲ್ಲಿ ಕೂತು ಇವರಿಗಾಗಿ ಮಾಡಿದ್ದಂತೆ ಅದು. ಇವರು ಭಾನುವಾರಕ್ಕೆ ಒಂದೇ ಸುಳಿವು ಬಿಡಿಸುವುದು, ಊಟ ಆದ ಮೇಲೆ. ಅದು ಮುಗಿಯುವವರೆಗೆ ಅಕ್ಕ ಮಾತಾಡ್ತಾ ಇದ್ದಾರೆ ಅಂತ ಲೆಕ್ಕವಂತೆ."

ಅವರು ನನ್ನ ಕೈಯಲ್ಲಿದ್ದ ಪೆನ್ನು ನೋಡಿದರು. ಆಮೇಲೆ ಬೋರ್ಡು ನೋಡಿದರು.

"ಯೇಸುವೇ," ಎಂದರು.

ಅಷ್ಟರಲ್ಲಿ ಮಿಸ್ ಡೊರೊತಿ ಬಾಗಿಲಲ್ಲಿ ನಿಂತಿದ್ದರು. ಬೋರ್ಡಿನ ಕೆಂಪು ಅವರಿಗೆ ಅಲ್ಲಿಂದಲೇ ಕಂಡಿತು. ತಕ್ಷಣ ಮುಖ ಕಿಟಕಿಯ ಕಡೆ ತಿರುಗಿಸಿದರು. ಪಾತ್ರೆ ಒರೆಸುವ ಬಟ್ಟೆಯನ್ನು ಕೊಕ್ಕೆಯಿಂದ ತೆಗೆದುಕೊಂಡು, ಮುಖವನ್ನು ಕಿಟಕಿಯ ಕಡೆಗೇ ಇಟ್ಟುಕೊಂಡು, ಕೈಯಲ್ಲಿ ತಡವುತ್ತ ಗೋಡೆಯ ಹತ್ತಿರ ಬಂದು, ಚೌಕಗಳ ಕಾಗದದ ಮೇಲೆ ಬಟ್ಟೆ ಹರಡಿ ಪಿನ್ನು ಚುಚ್ಚಿದರು. ನಾನು ಗಳಗಳನೆ ಕ್ಷಮೆ ಕೇಳಿದೆ, ಏನೇನು ಹೇಳಿದೆನೋ ನನಗೇ ನೆನಪಿಲ್ಲ.

"ಪರವಾಗಿಲ್ಲ, ಖಂಡಿತ ಪರವಾಗಿಲ್ಲ," ಎಂದರು ಅವರು. "ಟೀ ಮಾಡಲೇ?"

ಆ ದಿನ ಊಟವಾದ ಮೇಲೆ ಅವರು ಪೆನ್ಸಿಲು ಹಿಡಿದು ಕೂರಲಿಲ್ಲ. ಮಹಡಿಗೆ ಹೋಗಿ ಬಾಗಿಲು ಹಾಕಿಕೊಂಡರು. ಸತ್ತ ಅಕ್ಕನೊಬ್ಬಳ ಬಾಯಿಂದ ಹನ್ನೊಂದು ವಾರದ ಮಾತನ್ನು ಒಂದೂವರೆ ಗಂಟೆಯಲ್ಲಿ ಕಿತ್ತುಕೊಂಡೆನಲ್ಲ ಎಂದು ನನಗೆ ಅಳು ಬಂತು. ಅತ್ತೆ.

ವಾರವಿಡೀ: ಪರವಾಗಿಲ್ಲ

ನಮ್ಮ ಮನೆಯಲ್ಲಿ ಯಾರಿಗಾದರೂ ಸಿಟ್ಟು ಬಂದರೆ ಕದ್ರಿ ಗುಡ್ಡಕ್ಕೆಲ್ಲ ಕೇಳುತ್ತದೆ. ಅರ್ಧ ಗಂಟೆ ಕೂಗಾಟ, ಅರ್ಧ ಗಂಟೆ ಮೌನ, ಆಮೇಲೆ ಕಾಫಿ. ಎಲ್ಲಿ ನಿಂತಿದ್ದೇವೆ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಇಲ್ಲಿ ಸೋಮವಾರ ಟೋಸ್ಟು ಬಂತು, ಜೊತೆಗೆ ನಗು ಬಂತು. ಮಂಗಳವಾರ ನನಗಾಗಿ ಹೊಸ ಬಗೆಯ ಆಲೂಗಡ್ಡೆ ಬಂತು. ಬಟ್ಟೆ ಮಾತ್ರ ಗೋಡೆಯಲ್ಲಿ ಹಾಗೇ ಇತ್ತು. ಅವರು ಆ ಕಡೆ ತಿರುಗದೆ ಒಲೆಯ ಹತ್ತಿರ ಹೋಗಲು ಮೇಜನ್ನು ಸುತ್ತಿಕೊಂಡು ಹೋಗುತ್ತಿದ್ದರು.

"ಪರವಾಗಿಲ್ಲ ಅಂತ ಹೇಳಿದ್ದಾರಲ್ಲ," ಎಂದೆ ಪ್ರೆಸಿಲ್ಲಾಳಿಗೆ. ಅವಳು ನನ್ನದೇ ಹಳೆಯ ವಿದ್ಯಾರ್ಥಿನಿ.

"ಟೀಚರ್, ಇವರು ಒಂದು ಸಲ ಪರವಾಗಿಲ್ಲ ಹೇಳಿದರೆ ಪರವಾಗಿಲ್ಲ. ಖಂಡಿತ ಪರವಾಗಿಲ್ಲ ಹೇಳಿದರೆ ಪರವಾಗಿ ಉಂಟು ಅಂತ ಅರ್ಥ."

"ಅದು ಯಾವ ಪುಸ್ತಕದಲ್ಲಿ ಉಂಟು?"

"ಯಾವುದರಲ್ಲೂ ಇಲ್ಲ. ನನಗೆ ಗೊತ್ತಾಗ್ಲಿಕ್ಕೆ ಮೂರು ವರ್ಷ ಬೇಕಾಯ್ತು."

ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ ನನಗೆ ತಲೆ ಗಿರ್ರೆಂದಿತು. ವೈಟ್ನರ್ ಹಚ್ಚಿದರೆ ಹೇಗೆ ಎಂದು ಅಂಗಡಿಯವರೆಗೆ ಹೋದೆ. ಕೈಗೆ ತೆಗೆದುಕೊಂಡವಳು ಹಾಗೇ ಇಟ್ಟುಬಂದೆ. ಸತ್ತವರು ಎಳೆದ ಗೆರೆಯ ಮೇಲೆ ಸುಣ್ಣ ಬಳಿಯಲು ಮನಸ್ಸು ಬರಲಿಲ್ಲ.

ದಾರಿ ಕಂಡದ್ದು ಲೀನಾ ಬಾಯಿಗೆ. ಬುಧವಾರ ಸಮುದ್ರದ ಬದಿಯ ಬೆಂಚಿನಲ್ಲಿ ಕೂತು ಅವರು ಪಾಠದ ಧ್ವನಿಯಲ್ಲಿ ಕೇಳಿದರು: "ಅವರು ನಿಮ್ಮ ಉತ್ತರ ಓದಿದ್ದಾರಾ?"

"ಇಲ್ಲ. ಕೆಂಪು ಕಂಡ ಕೂಡಲೇ ಮುಖ ತಿರುಗಿಸಿದರು."

"ಸುಳಿವಿನ ಕಾಗದಕ್ಕೆ ಎಂತ ಆಗಿದೆ?"

"ಎಂತದೂ ಇಲ್ಲ. ಅದು ಹಾಗೇ ಉಂಟು."

"ಮತ್ತೆಂತ ಸಾಯುವುದು ನೀವು? ಹಾಳಾದದ್ದು ಚೌಕ ಮಾತ್ರ. ಹೊಸ ಚೌಕ ಹಾಕುವ. ಅವರ ಪೆನ್ಸಿಲಿನದ್ದು ಮಾತ್ರ ತುಂಬಿಸುವ. ನಿಮ್ಮ ಹನ್ನೊಂದು ಬಿಡುವ."

ಅನುಮತಿ ಕೇಳಬೇಕಿತ್ತು. ಕೇಳಿದೆ. ಮಿಸ್ ಡೊರೊತಿ ಬಟ್ಟಲು ಒರೆಸುವುದನ್ನು ನಿಲ್ಲಿಸಿ, "ನಿಮಗೆ ಬೇಕೆನಿಸಿದರೆ," ಎಂದರು. ಇದು ಹೌದೋ ಅಲ್ಲವೋ? ಪ್ರೆಸಿಲ್ಲಾಳಿಗೆ ಫೋನ್ ಮಾಡಿ ಕೇಳಿದೆವು. ಅವಳಿಗೂ ಗೊತ್ತಾಗಲಿಲ್ಲ.

ಶುಕ್ರವಾರ ಅವರು ತೋಟಕ್ಕೆ ಇಳಿದಾಗ ನಾವು ಬಟ್ಟೆ ಎತ್ತಿದೆವು. ಲೀನಾ ಬಾಯಿ ಸ್ಕೇಲು ಹಿಡಿದು ಗೆರೆ ಎಳೆದರು. ಎಂಟನೆಯ ತರಗತಿಯ ಮಕ್ಕಳನ್ನು ನಡುಗಿಸುತ್ತಿದ್ದ ಅದೇ ಗಾಂಭೀರ್ಯ. ಒಂದು ಗೆರೆ ಕೂದಲೆಳೆಯಷ್ಟು ಓರೆಯಾಯಿತೆಂದು ಇಡೀ ಕಾಗದ ಹರಿದು ಮತ್ತೆ ಶುರು ಮಾಡಿದರು. ಕಪ್ಪು ಚೌಕ ತುಂಬಿದ್ದು ನಾನು. ಪೆನ್ಸಿಲಿನ ಅಕ್ಷರಗಳನ್ನು ಒಂದೊಂದಾಗಿ ನಕಲು ಮಾಡಿದ್ದು ನಾನು. ಮಧ್ಯೆ ಮಧ್ಯೆ ನನ್ನ ಕೆಂಪು ಅಕ್ಷರ ಕಣ್ಣಿಗೆ ಬೀಳುತ್ತಿತ್ತು. ಬಜಾರಿ ಅಕ್ಷರಗಳು. ಕೊನೆಗೆ ಹಳೆಯದರ ಮೇಲೆ ಬಟ್ಟೆ ಮೊದಲಿನಂತೆ ಹಾಕಿ, ಹೊಸ ಕಾಗದವನ್ನು ಮೇಜಿನ ಮೇಲಿಟ್ಟು, ಇಬ್ಬರೂ ಮಹಡಿಗೆ ಓಡಿದೆವು.

ಮರುದಿನ ಬೆಳಿಗ್ಗೆ ಕಾಗದ ಮೇಜಿನ ಮೇಲಿರಲಿಲ್ಲ. ಗೋಡೆಯಲ್ಲೂ ಇರಲಿಲ್ಲ. ಮಿಸ್ ಡೊರೊತಿ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಳೆ ಬರಬಹುದು ಎಂದರು.

ಕೊನೆಯ ಭಾನುವಾರ

ಮರುದಿನ ನಮ್ಮ ವಿಮಾನ. ಊಟವಾಯಿತು. ನಾವು ಎದ್ದು ಹೋಗಬೇಕೆನ್ನುವಾಗ ಮಿಸ್ ಡೊರೊತಿ ಕಪಾಟಿನಿಂದ ನಮ್ಮ ಕಾಗದ ತೆಗೆದು ಮೇಜಿನ ಮೇಲೆ ಹರಡಿದರು. ಪಕ್ಕದಲ್ಲಿ ಅಕ್ಕನ ನೀಲಿ ಅಕ್ಷರದ ಸುಳಿವುಗಳನ್ನಿಟ್ಟರು.

"ಗೆರೆಗಳು ಬಹಳ ನೇರವಾಗಿವೆ," ಎಂದರು. ಲೀನಾ ಬಾಯಿಯ ಮುಖ ಅರಳಿತು. "ಕೂತುಕೊಳ್ಳಿ. ಆದರೆ ದಯವಿಟ್ಟು ಮಾತಾಡಬೇಡಿ."

ಅವರು ಸುಳಿವನ್ನು ಗಟ್ಟಿಯಾಗಿ ಓದಿದರು. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು: ಸಮುದ್ರಕ್ಕೆ ಹೋದವನು ಬೂಟು ಕಳೆದುಕೊಂಡು ಮನೆಗೆ ಬರುವಾಗ ಬೇರೊಬ್ಬನಾಗಿದ್ದ. ಆರು ಚೌಕ. ನನಗೆ ಗೊತ್ತಿತ್ತು. ಸೇಲರ್, ನಾವಿಕ. ಮೂರು ಅಕ್ಷರ ಅಡ್ಡಸಾಲಿನಿಂದ ಬಂದು ಕೂತಿದ್ದವು, ಸೇಲರ್ ಸರಿಯಾಗಿ ಹೊಂದುತ್ತಿತ್ತು. ಬೂಟು ಯಾಕೆ ಬಂತು ಎಂದು ಮಾತ್ರ ನನಗೆ ಬಿಡಿಸಿ ಹೇಳಲು ಬರುತ್ತಿರಲಿಲ್ಲ.

ಹತ್ತು ನಿಮಿಷವಾಯಿತು. ಅರ್ಧ ಗಂಟೆಯಾಯಿತು. ನನ್ನ ಜೀವನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ. ಗೊತ್ತಿರುವ ಉತ್ತರ ಬಾಯೊಳಗೆ ಬಿಸಿ ಅನ್ನದ ಹಾಗೆ ಸುಡುತ್ತಿತ್ತು. ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಲೀನಾ ಬಾಯಿ ಮೇಜಿನ ಕೆಳಗೆ ಚಿವುಟಿದರು. ಮಿಸ್ ಡೊರೊತಿಗೆ ನಾವು ಅಲ್ಲಿರುವುದೇ ಮರೆತಂತಿತ್ತು. ಅವರು ಕಾಗದವನ್ನು ನೋಡುತ್ತಿರಲೂ ಇಲ್ಲ. ತುಟಿ ಸ್ವಲ್ಪ ಅಲುಗುತ್ತಿತ್ತು, ಎದುರಿನ ಖಾಲಿ ಕುರ್ಚಿಯ ಕಡೆ ಒಮ್ಮೆ ಹುಬ್ಬು ಗಂಟಿಕ್ಕಿ ನೋಡಿದರು. ಜಗಳವಾಡುವವರ ಹಾಗೆ. ಬಸ್ಸಿನ ಅಜ್ಜ ಯಾಕೆ ಇಳಿದುಹೋದರೆಂದು ನನಗೆ ಆಗ ತಿಳಿಯಿತು.

ಒಂದು ಗಂಟೆ ಕಳೆದಿರಬೇಕು. ಇದ್ದಕ್ಕಿದ್ದಂತೆ ಅವರ ಕೈ ಬಾಯಿಗೆ ಹೋಯಿತು. "ಓ, ಪಾಪಿ!" ಎಂದರು. ಪೆನ್ಸಿಲು ಎತ್ತಿ ಬರೆದರು. ಮೊದಲ ಚೌಕದಲ್ಲಿ ಬಿದ್ದ ಅಕ್ಷರವೇ ನನ್ನದಲ್ಲ. ಪೂರ್ತಿ ಬರೆದ ಮೇಲೆ ಓದಿದೆ. ಅದು ನಾನು ಕೇಳಿದ ಯಾವ ಪದವೂ ಅಲ್ಲ.

"ಇದು ಯಾವ ಪದ?" ಮಾತಾಡಬಾರದೆಂಬುದು ಮರೆತುಹೋಯಿತು.

"ನಿಘಂಟಿನಲ್ಲಿ ಇಲ್ಲ," ಎಂದರು ಅವರು. ನಗುತ್ತಿದ್ದರು, ಕಣ್ಣು ತುಂಬಿತ್ತು. "ನಾವು ಸಣ್ಣವರಿದ್ದಾಗ ಇಟ್ಟ ಹೆಸರು. ಇಬ್ಬರಿಗೇ ಗೊತ್ತಿದ್ದದ್ದು."

"ಅದು ನಿಯಮಕ್ಕೆ ವಿರುದ್ಧ ಅಲ್ಲವೇ?"

"ಪೂರ್ತಿ ವಿರುದ್ಧ. ಮಾರ್ಗರೆಟ್ ಯಾವಾಗಲೂ ಮೋಸಗಾತಿ." ಆಮೇಲೆ ಮೊದಲ ಬಾರಿಗೆ ನನ್ನ ಮುಖವನ್ನು ನೇರವಾಗಿ ನೋಡಿ ಕೇಳಿದರು, "ನೀವು ಏನು ಬರೆದಿದ್ದಿರಿ?"

ಹೇಳಲೋ ಬೇಡವೋ ತಿಳಿಯಲಿಲ್ಲ. ಲೀನಾ ಬಾಯಿಯನ್ನು ನೋಡಿದೆ. ಅವರು ಈ ಸಲ ಚಿವುಟಲಿಲ್ಲ.

"ಸೇಲರ್," ಎಂದೆ.

ಮಿಸ್ ಡೊರೊತಿ ಮೇಜಿಗೆ ತಲೆ ಹಚ್ಚಿ ನಕ್ಕರು. ಆ ತೆಳ್ಳಗಿನ ಹೆಂಗಸಿನ ಒಳಗೆ ಅಷ್ಟು ದೊಡ್ಡ ನಗು ಎಲ್ಲಿತ್ತೋ. ಭುಜ ಕುಣಿಯುತ್ತಿತ್ತು, ಮೂಗು ಒರೆಸಿಕೊಳ್ಳುತ್ತಿದ್ದರು, ಮತ್ತೆ ನಗುತ್ತಿದ್ದರು. "ಅವಳು ಗುಂಡಿ ತೋಡಿದ್ದು ನನಗಾಗಿ," ಎಂದರು ಉಸಿರು ಸಿಕ್ಕಿದಾಗ. "ಬಿದ್ದದ್ದು ನೀವು. ಅಷ್ಟು ದೂರದಿಂದ ಬಂದು! ಅವಳಿಗೆ ಗೊತ್ತಾಗಿದ್ದರೆ ಎಷ್ಟು ಖುಷಿಪಡುತ್ತಿದ್ದಳು."

ನಾನೂ ನಕ್ಕೆ. ಬೂಟು ಯಾರದ್ದು, ಹೋದವನು ಯಾರು, ಬಂದವನು ಯಾರು, ಒಂದೂ ನನಗೆ ಗೊತ್ತಿಲ್ಲ. ಅವರು ಬಿಡಿಸಿ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

"ಇನ್ನು ಹತ್ತು," ಎಂದು ಅವರು ಪೆನ್ಸಿಲು ಕೆಳಗಿಟ್ಟು ಟೀ ಮಾಡಲು ಎದ್ದರು. ಈ ಸಲ ಮೇಜನ್ನು ಸುತ್ತಿಕೊಂಡು ಹೋಗಲಿಲ್ಲ.

ಸೋಮವಾರ ವಿಮಾನದಲ್ಲಿ ಲೀನಾ ಬಾಯಿ ಬೆಲ್ಟು ಬಿಗಿದುಕೊಂಡು, ಹೆದರಿಕೆ ಮರೆಯಲು ಮಾತು ತೆಗೆದರು. "ಉಳಿದ ಹತ್ತು ನಿಮಗೆ ಗೊತ್ತುಂಟಲ್ಲ ಟೀಚರ್. ಎಲ್ಲ ಸರಿ ಉಂಟಾ?"

ಕಣ್ಣು ಮುಚ್ಚಿ ಒಂದೊಂದಾಗಿ ನೆನಪು ಮಾಡಿಕೊಂಡೆ. ಪ್ರತಿಯೊಂದೂ ಅಕ್ಷರಕ್ಕೆ ಅಕ್ಷರ ಹೊಂದುತ್ತಿತ್ತು. ಒಂದನ್ನೂ ನಂಬಲು ಧೈರ್ಯ ಬರಲಿಲ್ಲ.

"ಗೊತ್ತಿಲ್ಲ ಮಾರಾಯ್ತಿ," ಎಂದೆ. ಹಾಗೆ ಹೇಳುವಾಗ ನನಗೆ ಎಷ್ಟು ಹಗುರವಾಯಿತೆಂದರೆ, ವಿಮಾನ ನೆಲ ಬಿಟ್ಟದ್ದೂ ತಿಳಿಯಲಿಲ್ಲ.